ಚೀಲ ಚುಚ್ಚುವ ಕೈ

ಕೊಪ್ಪಳ ಜಿಲ್ಲೆಯಾದ ಹೊಸದರಲ್ಲಿ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ನೋಡುವ ಕೆಲಸಕ್ಕೆ ಸೇರಿದೆ. ಲಾರಿಯಿಂದ ಇಳಿಸಿ ಒಟ್ಟಿದ ಚೀಲಗಳಲ್ಲಿ ಯಾವುದಾದರೂ ನಾಲ್ಕಾರಕ್ಕೆ ಚೂಪು ಕೊಳವೆ ಚುಚ್ಚಿ, ಕಾಳು ತೆಗೆದು, ಹಲ್ಲಿನಲ್ಲಿ ಕಚ್ಚಿ, ಹಸಿಯೋ ಒಣಗಿದ್ದೋ ಹೇಳಬೇಕು. ಎಲ್ಲಿ ಚುಚ್ಚುತ್ತೇನೆಂದು ಯಾರಿಗೂ ತಿಳಿಯಬಾರದು. ಆಗ ನನಗೇ ತಿಳಿಯುತ್ತಿರಲಿಲ್ಲ. "ಹುಚ್ಚು ಕುದರಿ ಕಾಲು ಎಲ್ಲಿ ಬೀಳತೈತಿ ಹೇಳಬಹುದು, ಇವನ ಕೈ ಹೇಳಾಕ ಬರಂಗಿಲ್ಲ" ಎಂದು ದಲಾಲಿಗಳು ಬೈಯುತ್ತಿದ್ದರು. ಅದನ್ನು ಬಿರುದಿನಂತೆ ಹೊತ್ತು ತಿರುಗಿದೆ.

ಅರವತ್ತು ದಾಟಿದ ಮೇಲೆ ಹಸಿ ಭತ್ತ ನನ್ನನ್ನು ತಪ್ಪಿಸಿಕೊಂಡು ಒಳಗೆ ಬರತೊಡಗಿತು. ನಾನು ಚುಚ್ಚಿದ್ದೆಲ್ಲ ಗರಿಗರಿ. ಪಕ್ಕದ ಚೀಲ ಬಿಚ್ಚಿದರೆ ಮುಗ್ಗಲು ವಾಸನೆ. ಮಾಲೀಕರು ಕೇಳಿದಾಗ, ನನ್ನ ಜೊತೆ ಚೀಲ ಸರಿಸಿಕೊಡುತ್ತಿದ್ದ ಹಮಾಲನನ್ನು ತೋರಿಸಿದೆ.

"ಇವನೇ ಹೊರಗ ಸುದ್ದಿ ಕೊಡಾಕತ್ಯಾನ್ರಿ."

"ನೀವು ಎಲ್ಲಿ ಚುಚ್ಚತೀರಿ ಅಂತ ನಾ ಯಾರಿಗೂ ಹೇಳಿಲ್ರೀ" ಎಂದ ಅವನು. ಮಾಲೀಕರು ಮೆಟ್ರಿಕ್ ಓದಿದ ನನ್ನ ಮಾತು ನಂಬಿ ಅವನನ್ನು ಕೆಲಸದಿಂದ ಬಿಡಿಸಿದರು. ಕಳ್ಳನೆಂಬ ಹೆಸರು ಹೊತ್ತವನನ್ನು ಬೇರೆ ಗಿರಣಿಯವರೂ ಕರೆಯಲಿಲ್ಲ. ಜೊತೆಯ ಹಮಾಲರೂ ಅವನೊಂದಿಗೆ ಮಾತು ಬಿಟ್ಟರು.

ಅವನು ಹೋದ ಮೇಲೂ ಹಸಿ ಭತ್ತ ನಿಲ್ಲಲಿಲ್ಲ. ಒಂದು ಮದುವೆ ಊಟದಲ್ಲಿ ಪಕ್ಕ ಕೂತ ದಲಾಲಿಯನ್ನು ಕೇಳಿದೆ, "ಈಗ ನಿಮಗ ಯಾರು ಹೇಳತಾರೋ?"

ಹೋಳಿಗೆ ಮುರಿಯುತ್ತ ನಕ್ಕ. "ಯಾರ ಹೇಳಬೇಕ್ರಿ ಕಾಕಾರ? ಮೊದಲ ಬಾಗಿಲ ಕಡಿ ಮೂಲಿ, ಆಮ್ಯಾಲೆ ಎದಿಮಟ್ಟದ ಸಾಲು. ಬಗ್ಗಂಗಿಲ್ಲ, ಹತ್ತಂಗಿಲ್ಲ. ಲಾರಿ ಕ್ಲೀನರಗೂ ಗೊತ್ತೈತಿ."

ಮರುದಿನ ಬೇಕೆಂದೇ ಬೇರೆ ಕಡೆ ಹೊರಟೆ. ನೋಡಿದರೆ ಬಾಗಿಲ ಮೂಲೆಯಲ್ಲೇ ನಿಂತಿದ್ದೆ.

ಆ ಹಮಾಲ ಈಗ ಹನುಮನಹಳ್ಳಿಯಲ್ಲಿ ಬೆಟ್ಟ ಹತ್ತುವವರಿಗೆ ಎಳನೀರು ಮಾರುತ್ತಿದ್ದ. ಹೋಗಿ ತಪ್ಪಾಯಿತೆಂದೆ. ಮಚ್ಚು ಕೆಳಗಿಡದೆ ಕೇಳಿದ, "ಕಳ್ಳ ಅಂದದ್ದು ಎಲ್ಲಾರ ಮುಂದ. ತಪ್ಪಾತು ಅನ್ನೋದು ಎಳನೀರ ಗಾಡಿ ಮುಂದೇನ್ರಿ?"

ಗಿರಣಿಯ ಅಂಗಳದಲ್ಲಿ, ಹಮಾಲರ ಎದುರೇ, ಮಾಲೀಕರಿಗೆ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಕೊಳವೆ ಇಸಿದುಕೊಂಡು, "ನಾಳಿಂದ ಮನ್ಯಾಗ ಇರ್ರಿ" ಎಂದರು.

"ಅವನ್ನ ಕರಸ್ರಿ ಮತ್ತ."

"ಅವನ ಜಾಗಾದಾಗ ಬ್ಯಾರೆಯವ ಅದಾನಲ್ಲ."

ನನ್ನ ಪ್ರಾಯಶ್ಚಿತ್ತದಿಂದ ಗಿರಣಿಗೆ ಒಳ್ಳೆಯದಾಯಿತು. ಆ ಶನಿವಾರ ಹಮಾಲರೆಲ್ಲ ಟಂಟಂ ಆಟೋ ಮಾಡಿಕೊಂಡು ಹನುಮನಹಳ್ಳಿಗೆ ಹೋಗಿ ಅವನ ಗಾಡಿಯ ಮುಂದೆ ಕೂತು ಎಳನೀರು ಕುಡಿದು ಬಂದರಂತೆ. ನನ್ನನ್ನು ಕರೆಯಲಿಲ್ಲ.