ಲಿಂಗಂಪಲ್ಲಿಯಷ್ಟು ಅಕ್ಷರ

ಹೈದರಾಬಾದಿಗೆ ಬಂದ ಮೊದಲ ವಾರವೇ ನಾನು ಅನಕ್ಷರಸ್ಥೆಯಾದೆ. ಮಗಳ ಮನೆಯ ಪಕ್ಕದ ಪಾರ್ಕಿನಲ್ಲಿ ಒಂದು ನಲ್ಲಿ, ಅದರ ಮೇಲೊಂದು ತೆಲುಗು ಬೋರ್ಡು. ನಮ್ಮ ಅಕ್ಷರಗಳ ಒಡಹುಟ್ಟುಗಳಲ್ಲವೇ ಎಂದು ಕನ್ನಡಕ ಏರಿಸಿ ಫ್ಲೂಯೆಂಟ್ ಆಗಿ ಓದಿದೆ: “ಈ ನೀರು ತ್ರಾಗರಾದು.” ನೀರು ಎಂದಿದೆಯಲ್ಲ, ಇನ್ನೇನು ಬೇಕು? ಬೊಗಸೆ ಬಾಯಿಗೆ ತರುವಷ್ಟರಲ್ಲಿ ಯಾರೋ ಕೈ ಹಿಡಿದೆಳೆದರು.

“ಅಯ್ಯ, ಏನ್ ಮಾಡಾಕತ್ತೀರಿ ಅಮ್ಮಾರ? ಕುಡೀಬಾರದು ಅಂತ ನೀವ ಓದಿದ್ರಿ, ನೀವ ಕುಡಿಯಾಕತ್ತೀರಿ!”

ಗಿಡಗಳಿಗೆ ಬಿಡುವ ನೀರಂತೆ ಅದು. ಹೀಗೆ ಕನ್ನಡದಲ್ಲಿ ಗದರಿದವಳು ಮಲ್ಲಮ್ಮ, ಯಾದಗಿರಿ ಕಡೆಯವಳು. ಎದುರಿಗೆ ಏಳುತ್ತಿದ್ದ ಗಾಜಿನ ಆಫೀಸು ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು. ಅವಳಿಗೆ ತೆಲುಗು ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ನನಗೆ ಓದಲು ಬರುತ್ತಿತ್ತು, ತಿಳಿಯುತ್ತಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ನಾನು ಪದ್ಯ ಒಪ್ಪಿಸಿ ಪ್ರೈಜು ಗೆದ್ದಾಗ ನಮ್ಮ ಸಿಸ್ಟರ್ ಕೇಳಿದ್ದರು, “ಬಟ್ ಡು ಯು ಅಂಡರ್‌ಸ್ಟ್ಯಾಂಡ್, ಚೈಲ್ಡ್?” ಉತ್ತರ ಕೊಡಲು ನನಗೆ ಇಷ್ಟು ವರ್ಷ ಬೇಕಾಯಿತು.

ಅಂದಿನಿಂದ ಸಂಜೆ ಇಬ್ಬರೂ ಜೊತೆಯಾಗಿ ಬೀದಿಯನ್ನು ಓದತೊಡಗಿದೆವು. ನಾನು ಗಟ್ಟಿಯಾಗಿ ಓದುವುದು, ಅವಳು ಅರ್ಥ ಹೇಳುವುದು. ಮೆಸ್ಸಿನ ಬೋರ್ಡಿನ ‘ಪಪ್ಪು’ ನಮ್ಮ ತೊವ್ವೆ ಎಂದು ತಿಳಿದ ದಿನ ಹೊಟ್ಟೆಗೂ ಸಮಾಧಾನವಾಯಿತು. ಮೈಸೂರಿನಲ್ಲಿ ನಾನು ಬೋರ್ಡು ಓದಿದ್ದೇ ನೆನಪಿಲ್ಲ. ಅಲ್ಲಿ ಬಸ್ಸುಗಳೇ ನನ್ನನ್ನು ಗುರುತಿಸುತ್ತಿದ್ದವು.

ಒಂದು ಸಂಜೆ ಮಲ್ಲಮ್ಮ, “ನನಗ ಓದಾಕ ಕಲಿಸ್ರಿ” ಎಂದಳು. ಅವಳ ಮಗಳು ಲಿಂಗಂಪಲ್ಲಿಯಲ್ಲಿ ತುಂಬು ಬಸುರಿ. ಜೊತೆಗೆ ಹೋಗಲು ಮಲ್ಲಮ್ಮನ ಗಂಡನಿಗೆ ಬಿಡುವಿಲ್ಲ. ಇವಳೋ ಒಮ್ಮೆ ತಪ್ಪು ಬಸ್ಸು ಹತ್ತಿ ಊರೆಲ್ಲ ಸುತ್ತಿ ಬಂದವಳು, ಒಬ್ಬಳೇ ಹೋಗಲು ಹೆದರಿಕೆ.

ನಾನು ಸಂಭ್ರಮದಿಂದ ಸ್ಲೇಟು ತಂದು ‘ಅ’ ಬರೆದೆ.

“ನಿಮ್ಮ ಅ ಆ ಮುಗಿಯೂದ್ರಾಗ ಮೊಮ್ಮಗ ಸಾಲಿಗೆ ಹೋಗ್ತಾನ್ರಿ. ನನಗ ಲಿಂಗಂಪಲ್ಲಿ ಬೇಕ್ರಿ.”

“ಸ್ವಲ್ಪಾನೂ ಕಲ್ತಿಲ್ವೇನೆ?”

“ಊರಾಗ ಸಹಿ ಕಲಿಸ್ಯಾರ್ರಿ. ಸಹಿ ಮಾಡಿದ್ರ ಬಸ್ ನಿಲ್ಲಂಗಿಲ್ಲಲ್ಲ!”

ಫಂಕ್ಷನಲ್ ಲಿಟರಸಿ ಎನ್ನುತ್ತಾರಲ್ಲ, ಬದುಕಿಗೆ ಒದಗುವ ಓದು, ಅದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಸ್ಲೇಟು ಮನೆಯಲ್ಲೇ ಉಳಿಯಿತು. ಬಸ್ ಸ್ಟಾಪೇ ಶಾಲೆಯಾಯಿತು. ‘ಲಿಂ’ ಯಾವುದು, ‘ಗಂ’ ಯಾವುದು, ಕೊನೆಯ ‘ಪಲ್ಲಿ’ ಯಾವುದು ಎಂದು ಬಂದ ಬಸ್ಸುಗಳ ಹಣೆಯ ಮೇಲೆಯೇ ತೋರಿಸಿದೆ.

ಮಗಳಿಗೆ ನೋವು ಶುರುವಾಗಿದೆ ಎಂದು ಸುದ್ದಿ ಬಂದ ದಿನ ಗಂಡ ಸ್ಲ್ಯಾಬ್ ಹಾಕುವ ಕೆಲಸದಲ್ಲಿದ್ದ. ನಾನು ಸ್ಟಾಪಿನವರೆಗೂ ಹೋದೆ.

“ಆಟೋ ಮಾಡ್ಕೊಂಡು ನಾನೂ ಬರ್ಲಾ?”

“ಬ್ಯಾಡ್ರಿ. ಇವತ್ತ ಒಬ್ಬಾಕಿ ಹೋಗ್ಲಿಲ್ಲಂದ್ರ ಎಂದೂ ಹೋಗಂಗಿಲ್ಲ.”

ಬಸ್ಸು ಬಂತು. ಕಂಡಕ್ಟರ್ ಬೇಗ ಹತ್ತುವಂತೆ ಕೈಬೀಸಿ ಕೂಗಿದ, “ಎಕ್ಕಮ್ಮಾ, ತೊಂದರಗಾ!” ಮೆಟ್ಟಿಲ ಮೇಲೆ ಕಾಲಿಟ್ಟವಳು ತಡೆದು, ಕೆಳಗಿಳಿದು, ತಲೆಯೆತ್ತಿ ಬೋರ್ಡು ನೋಡಿದಳು. ಕೂಕಟ್‌ಪಲ್ಲಿ. ನಾನು ಬಾಯಿ ಬಿಗಿಹಿಡಿದು ನಿಂತಿದ್ದೆ. ಅವಳ ತುಟಿ ಅಲುಗಿತು. ಬೆರಳು ಕೊನೆಯ ಅಕ್ಷರಗಳಿಂದ ಮೊದಲಿನವುಗಳ ಕಡೆಗೆ ಸರಿಯಿತು.

“ಇದಿ ಮಾ ಪಲ್ಲಿ ಕಾದು,” ಎಂದಳು ಕಂಡಕ್ಟರನಿಗೆ.

ಇದು ನಮ್ಮ ಪಲ್ಲಿ ಅಲ್ಲ! ಮೈ ಗಾಡ್, ಯಾರೂ ಅರ್ಥ ಹೇಳದೆಯೇ ನನಗೆ ಅರ್ಥವಾಗಿತ್ತು. ಮುಂದಿನ ಬಸ್ಸನ್ನು ಮಲ್ಲಮ್ಮ ಹಿಂತಿರುಗಿ ನೋಡದೆ ಹತ್ತಿದಳು.

ಸಂಜೆ ಎಸ್‌ಟಿಡಿ ಬೂತಿನಿಂದ ಫೋನು. “ಮುಟ್ಟೀನ್ರಿ ಅಮ್ಮಾರ! ಹೆಣ್ಣು ಕೂಸು. ಭಾಳ ಚಂದ ಐತ್ರಿ. ಇಕಿ ಸಾಲಿಗೆ ಹೋಗೂದ್ರಾಗ ನಿಮ್ಮ ಅ ಆ ಮುಗಸೂಣು, ಆತಿಲ್ರಿ?”

ಕಳೆದ ತಿಂಗಳು ಮೈಸೂರಿಗೆ ಹೋಗಿದ್ದೆ. ಯಾವ ಬೋರ್ಡು ಓದಿದರೂ ಎಲ್ಲವೂ ಅರ್ಥವಾಗುತ್ತಿತ್ತು. ಆದರೂ ಓದಿ ಮುಗಿಸಿದ ಕೂಡಲೇ, ಅರ್ಥ ಹೇಳುವವಳು ಎಲ್ಲಿ ಎಂದು ಪಕ್ಕಕ್ಕೆ ತಿರುಗಿ ನೋಡುತ್ತಿದ್ದೆ.