ಕರ್ಯೊನೊ ಕಟ್ಟಿದ ಹೊಗೆಗೂಡು

ತೆಂಗೆರ್ ಬೆಟ್ಟದ ಗಾರೆ ಮೇಸ್ತ್ರಿ ಕರ್ಯೊನೊ ಕಟ್ಟಿದ ಹೊಗೆಗೂಡು ಹೊಗೆಯನ್ನಷ್ಟೇ ಅಲ್ಲ, ಎದುರು ಕುಳಿತವರ ಟೋಪಿಯನ್ನೂ ಎಳೆದುಕೊಳ್ಳುತ್ತದೆ ಎಂದು ಹೆಸರು. ಪ್ರವಾಸಿಗರ ವಸತಿಗೃಹಗಳಲ್ಲೆಲ್ಲ ಅವನದೇ ಅಗ್ಗಿಷ್ಟಿಕೆ. ಅಂಗಳದ ಬೆಂಕಿಗುಂಡಿಯೂ ಅವನದೇ. ಅಲ್ಲಿ ಜನ ಬೆಂಕಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬೆಂಕಿ ಬೇಸರ ಮಾಡಿಕೊಳ್ಳುವುದಿಲ್ಲ.

ಊರೊಳಗಿನ ಒಲೆಯ ವಿಷಯ ಬೇರೆ. ಅಲ್ಲಿನ ಚಳಿಗೆ ಹುಂಜವೂ ಒಲೆಯ ಮುಂದೆ ಗಂಟಲು ಕಾಯಿಸಿಕೊಂಡೇ ಕೂಗುವುದು. ಬಂದವರು ನಮ್ಮವರಾದರೆ ನೇರ ಅಡುಗೆಮನೆಗೆ ಕರೆದು ಒಲೆಯ ಪಕ್ಕ ಕೂರಿಸಬೇಕು. ಮುಂದಿನ ಕೋಣೆಯ ಸೋಫಾ ಇರುವುದು ಜನಗಣತಿಯವರಿಗೆ, ಮೀಟರು ನೋಡುವವರಿಗೆ.

ಅಕ್ಕ ಸುಮಿಯಾತಿಯ ಕಣ್ಣುರಿ ನೋಡಲಾರದೆ ಕರ್ಯೊನೊ ಅವಳ ಒಲೆಗೂ ಒಂದು ಹೊಗೆಗೂಡು ಕಟ್ಟಿಕೊಟ್ಟ. ಹೊಗೆಯೆಲ್ಲ ಹೊರಗೆ ಹೋಯಿತು. ಒಲೆಯ ಮೇಲೆ ಅಟ್ಟಕ್ಕೆ ನೇತುಹಾಕಿದ್ದ ಬಿತ್ತನೆಯ ಮುಸುಕಿನ ಜೋಳಕ್ಕೆ ಹೊಗೆ ತಾಗದೆ ಹುಳು ಬಿತ್ತು. ಹುಳುಗಳು ಎಷ್ಟು ಕೊಬ್ಬಿದ್ದವೆಂದರೆ, ತೆನೆ ಅಲುಗಿಸಿದರೆ ಗದರುತ್ತಿದ್ದವು.

ಮುಂದಿನ ಭಾನುವಾರ ಬಂದ ತಮ್ಮನಿಗೆ ಅಕ್ಕ ಸೋಫಾ ತೋರಿಸಿದಳು.

“ಕೂತ್ಕೊಳ್ಳಿ. ಟೀ ತರ್ತೀನಿ.”

“ಏನಕ್ಕಾ, ನಂಗೂ ‘ಕೂತ್ಕೊಳ್ಳಿ’ ಅಂತೀಯಾ?”

“ದೊಡ್ಡ ಮೇಸ್ತ್ರಿಗಳಲ್ವಾ! ಹೊಗೆ ಆಗಲ್ಲ ನಿಮಗೆ.”

ಪರರಿಗೆಂದೇ ಇಟ್ಟ ಡಬ್ಬಿಯ ಬಿಸ್ಕತ್ತೂ ಬಂತು. ಅದಕ್ಕಿಂತ ದೊಡ್ಡ ಅವಮಾನ ಆ ಬೆಟ್ಟದಲ್ಲಿಲ್ಲ. ಒಳಗೆ ಒಲೆಯ ಮುಂದೆ ಭಾವ ನಗುತ್ತಿದ್ದ, ಪಕ್ಕದ ಮನೆಯವರು ನಗುತ್ತಿದ್ದರು, ಮೀಟರು ನೋಡುವವನೂ ನಗುತ್ತಿದ್ದ.

ಮೂರು ಭಾನುವಾರ ಹೀಗೇ ಆಯಿತು. ಮುಂದಿನ ಕೋಣೆಯ ಚಳಿಗೆ ಟೀ ತುಟಿಗೆ ತಲುಪುವಷ್ಟರಲ್ಲಿ ಗಡ್ಡೆ ಕಟ್ಟುತ್ತಿತ್ತು. ಕರ್ಯೊನೊ ಅದನ್ನು ಅಗಿದು ನುಂಗಿದ. ಅಕ್ಕ ಇನ್ನು ಒಳಗೆ ಕರೆಯುವುದೇ ಇಲ್ಲವೇನೋ ಎಂಬ ಭಯವನ್ನು ಮಾತ್ರ ನುಂಗಲಾಗಲಿಲ್ಲ.

ನಾಲ್ಕನೆಯ ಭಾನುವಾರ ಅವನು ಬಾಗಿಲಿಗೆ ಹೋಗಲಿಲ್ಲ. ಏಣಿ ಹಾಕಿ ಮಾಡು ಹತ್ತಿದ. ಅಲ್ಲಿಯವರೆಲ್ಲರಂತೆ ಚಳಿಗೆಂದು ಹೆಗಲಿಗೆ ಹೊದ್ದ ಲುಂಗಿಯನ್ನು ಮುದ್ದೆ ಮಾಡಿ, ತನ್ನ ಜೀವಮಾನದ ಅತ್ಯುತ್ತಮ ಹೊಗೆಗೂಡಿನ ಬಾಯಿಗೆ ತುರುಕಿದ.

ಕೆಳಗೆ ಕೆಮ್ಮು ಎದ್ದಿತು. ಅಕ್ಕ ಕಣ್ಣೊರೆಸುತ್ತ ಹೊರಗೆ ಬಂದಳು.

“ಏ ಮಂಗಾ, ಅಲ್ಲೇನೋ ಮಾಡ್ತಿದೀಯಾ?”

“ಜೋಳಕ್ಕೆ ಹೊಗೆ ಹಾಕ್ತಿದೀನಿ.”

ಅವಳು ಒಳಗೆ ಹೋಗಿ ಹೊಗೆ ತುಂಬಿದ ಅಟ್ಟ ನೋಡಿಕೊಂಡು ಬಂದಳು.

“ಹೊದಿಕೆ ಇಲ್ದೆ ಸಾಯ್ತೀಯ, ಇಳಿ. ಒಳಗ್ ಬಂದು ಸೌದೆ ಮುಂದಕ್ಕೆ ತಳ್ಳು, ಆರೋಗ್ತಿದೆ.”

ಸೌದೆ ತಳ್ಳುವ ಕೆಲಸವನ್ನು ಯಾರೂ ಪರರಿಗೆ ಹೇಳುವುದಿಲ್ಲ. ಕರ್ಯೊನೊ ಮೀಟರಿನವನನ್ನು ಪಕ್ಕಕ್ಕೆ ಸರಿಸಿ ತನ್ನ ಜಾಗದಲ್ಲಿ ಕೂತ. ಕೆಮ್ಮುತ್ತ ಸೌದೆ ತಳ್ಳಿದ.

ಅವತ್ತು ಅವನಿಗೆ ಯಾರೂ ಬಿಸ್ಕತ್ತು ಕೊಡಲಿಲ್ಲ.