ಊರ್ ಪೂರಾ ನೋಡ್ಬಿಡು

ಅತ್ತೆ ಹಾಡುವಾಗ ಕತ್ತಿನ ಎಡಗಡೆಯ ನರ ಹಗ್ಗದ ಹಾಗೆ ಉಬ್ಬುತ್ತಿತ್ತು. ಬಲಗೈ ಕಿವಿಯ ಮೇಲೆ, ಕಣ್ಣು ಸೂರಿನ ಮೇಲೆ. ದನಿ ಗೊಗ್ಗರು. ಮಂಡಕ್ಕಿ ಭಟ್ಟಿಯ ಮುಂದೆ ಕೂತು ಹೊಟ್ಟಿನ ಹೊಗೆ ಕುಡಿದು ಕುಡಿದು ಗಂಟಲು ಹಾಗಾಗಿತ್ತು. ಆದರೆ ಅವರು ಬಾಯಿ ಬಿಟ್ಟರೆ ನಮ್ಮ ಚರ್ಚಿನ ಹೆಂಚು ಅದುರುತ್ತಿತ್ತು. ಸುಳ್ಳಲ್ಲ.

ಅವರು ನನಗೆ ಸಂಬಂಧವೇನೂ ಅಲ್ಲ, ಪಕ್ಕದ ಮನೆಯವರು. ಚನ್ನಗಿರಿಯ ನಮ್ಮ ಕೇರಿಗೆಲ್ಲ ಅವರು ಅತ್ತೆ. ಅವರಿಗೆ ಓದು ಬರಹ ಇಲ್ಲ, ನನ್ನದೂ ಅಷ್ಟಕ್ಕಷ್ಟೆ. ಚರ್ಚಿನಲ್ಲಿ ಹಾಡು ಎತ್ತುವವರು ಅವರು, ಡೋಲು ಬಡಿಯುವವನು ನಾನು.

"ಮೆಲ್ಲಗೆ ಬಡಿಯಲೇ, ದೇವರೇನು ಕಿವುಡಾ?" ಎಂದು ಬೈಯುತ್ತಿದ್ದರು.

"ನೀವು ಹಿಂಗೇ ಕೂಗಿದ್ರೆ ಇನ್ನೊಂದು ವರ್ಷಕ್ಕೆ ಆಗ್ತಾನೆ ಬಿಡ್ರಿ," ಎನ್ನುತ್ತಿದ್ದೆ.

ವರ್ಷಕ್ಕೊಮ್ಮೆ ಚರ್ಚಿನ ಹಬ್ಬ. ಅವತ್ತು ಸಂಜೆ ಮಾತೆಯ ಪ್ರತಿಮೆ ಹೊತ್ತು ಪೇಟೆ ಬೀದಿಯಲ್ಲಿ ಮೆರವಣಿಗೆ. ಫಾದರ್ ಒಬ್ಬೊಬ್ಬ ಸಂತರ ಹೆಸರು ಹಾಡಬೇಕು, ಪ್ರತಿ ಹೆಸರಿಗೂ ಜನ ಒಂದೇ ಮಾತಿನಲ್ಲಿ ಉತ್ತರ ಹಾಡಬೇಕು. ಭಾಷೆ ಲ್ಯಾಟಿನ್. 'ಓರಾ ಪ್ರೋ ನೋಬಿಸ್.' ನಮಗಾಗಿ ಬೇಡಿಕೊಳ್ಳಿ ಎಂದು ಅರ್ಥವಂತೆ. ಯಾರಿಗೆ ಗೊತ್ತಿತ್ತು? ಅತ್ತೆಯ ಕಿವಿಗೆ ಬಿದ್ದದ್ದು 'ಊರ್ ಪೂರಾ ನೋಡ್ಬಿಡು.' ಅವರು ಹಾಗೇ ಹಾಡಿದರು, ಅವರ ಹಿಂದೆ ನಾವೂ ಹಾಡಿದೆವು. ಆಗಿದ್ದ ಫಾದರ್ ಪರದೇಶದವರು, ವಯಸ್ಸಾದವರು. ಅವರಿಗೆ ಎರಡೂ ಒಂದೇ ಥರ ಕೇಳುತ್ತಿತ್ತು.

ಪೇಟೆಯವರಿಗಂತೂ ಇದು ಚೆನ್ನಾಗಿ ತಿಳಿಯುವ ಮಾತು. ಅಡಿಕೆ ಮಂಡಿಯ ಸಾಹುಕಾರರು, ಸೈಕಲ್ ಶಾಪಿನ ಸಾಬರು, ಹೂ ಮಾರುವ ಹೆಂಗಸರು, ಎಲ್ಲರೂ ಅಂಗಡಿ ಬಾಗಿಲಿಗೆ ಬಂದು ಜೊತೆಗೆ ಹಾಡುತ್ತಿದ್ದರು. ಬೀದಿ ಈ ತುದಿಯಿಂದ ಆ ತುದಿಗೆ ಗುಮ್ಮೆನ್ನುತ್ತಿತ್ತು. ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ, ಡೋಲು ತಾನೇ ಬಾರಿಸಿಕೊಳ್ಳುತ್ತಿತ್ತು. ಮೈ ಜುಮ್ಮೆನ್ನುತ್ತಿತ್ತು.

ಯುದ್ಧದ ಕಾಲದಲ್ಲಿ ಹೊಸ ಫಾದರ್ ಬಂದರು. ಮಂಗಳೂರು ಕಡೆಯವರು, ಚಿಕ್ಕ ವಯಸ್ಸು. ಹಬ್ಬಕ್ಕೆ ಅಭ್ಯಾಸ ಮಾಡಿಸುವಾಗ ಹಾರ್ಮೋನಿಯಂ ನಿಲ್ಲಿಸಿ ಕೇಳಿದರು:

"ಏನು ಹಾಡಿದಿರಿ ಅಮ್ಮ? ಇನ್ನೊಮ್ಮೆ ಹೇಳಿ."

ಅತ್ತೆ ಹೇಳಿದರು.

"ಇದು ಲ್ಯಾಟಿನ್ ಅಲ್ಲ, ಕನ್ನಡ!"

"ಆಗ್ಲಿ ಬಿಡ್ರಿ. ದೇವರಿಗೆ ಕನ್ನಡ ಬರಾಕಿಲ್ವಾ?"

ನಾವೆಲ್ಲ ನಕ್ಕೆವು. ಫಾದರ್ ನಗಲಿಲ್ಲ. ಆ ವರ್ಷ ಹಬ್ಬಕ್ಕೆ ಬಿಷಪ್ ಬರುವವರಿದ್ದರು. ಫಾದರ್ ಅತ್ತೆಗೆ ದಿನಾ ತಿದ್ದಿದರು. ನಾಲಿಗೆ ತಿರುಗಿ ತಿರುಗಿ ಊರಿಗೇ ಬರುತ್ತಿತ್ತು. ಕೊನೆಗೆ, ಪುಸ್ತಕ ನೋಡಿ ಹಾಡಬಲ್ಲ ನಾಲ್ಕು ಹುಡುಗರನ್ನು ಆರಿಸಿಕೊಂಡು, "ಅಮ್ಮ, ಈ ಸಲ ನೀವು ಸುಮ್ಮನೆ ನಡೆಯಿರಿ, ಸಾಕು," ಎಂದರು.

ಅತ್ತೆ ಮನೆಗೆ ಬಂದು ಆರಿದ ಭಟ್ಟಿಯ ಮುಂದೆ ಕೂತರು.

"ಬಾಯಿ ಮುಚ್ಚಿಸಿಬಿಟ್ರು ಕಣಪ್ಪ. ಗಂಡ ಸತ್ತಾಗ್ಲೂ ನಾನು ಹಾಡೋದು ಬಿಟ್ಟಿರಲಿಲ್ಲ. ಹಾಡಿಲ್ದೆ ನಾನು ಅಲ್ಲಿ ಯಾರು ಹೇಳು? ಹೊಗೆ ಹಿಡಿದ ಮುದುಕಿ, ಅಷ್ಟೆ."

ನಾನೂ ಪಕ್ಕದಲ್ಲಿ ಕೂತೆ. ಮಂಡಕ್ಕಿ ತಿಂದು ಎದ್ದು ಬಂದೆ.

ಹಬ್ಬದ ದಿನ ಹುಡುಗರು ಚೆನ್ನಾಗಿಯೇ ಹಾಡಿದರು. ಒಂದಕ್ಷರ ತಪ್ಪಿಲ್ಲ. ಆದರೆ ಹಿಂದೆ ಬರುತ್ತಿದ್ದ ಜನ ಗೊಣಗುಟ್ಟಿದರು, ಅಷ್ಟೆ. ಅಂಗಡಿ ಬಾಗಿಲಲ್ಲಿ ನಿಂತವರು ಬಾಯಿ ತೆರೆದು, ಮಾತು ಸಿಗದೆ ಮುಚ್ಚಿಕೊಂಡರು. ನನ್ನ ಡೋಲು ಹೆಣ ಸಾಗಿಸುವಾಗ ಬಡಿದಂತೆ ಕೇಳುತ್ತಿತ್ತು. ಅತ್ತೆ ಹೆಂಗಸರ ಸಾಲಿನ ಕೊನೆಯಲ್ಲಿ, ತುಟಿ ಬಿಗಿದುಕೊಂಡು.

ಸೈಕಲ್ ಶಾಪಿನ ಮುಂದೆ ಸಾಬರು ಎಣ್ಣೆಗೈಯಲ್ಲೇ ಇಳಿದು ಬಂದು ಅಡ್ಡ ನಿಂತರು.

"ಏನ್ ಫಾದರ್ ಸಾಬ್, ಈ ಸಲ ನಮ್ಮೂರು ನೋಡಾಕಿಲ್ವಾ ನಿಮ್ಮ ದೇವರು?"

"ಏನು ನೋಡುವುದು?"

"ವರ್ಷಾ ವರ್ಷಾ ಊರ್ ಪೂರಾ ನೋಡ್ಬಿಡು ಅಂತಿದ್ರಲ್ರಿ. ನಾವೂ ಅಂತಿದ್ವಿ. ಈ ಸಲ ನಮ್ಮನ್ನ ಬಿಟ್ರೇನು?"

ಮೆರವಣಿಗೆ ನಿಂತುಬಿಟ್ಟಿತು. ಹಿಂದಿದ್ದ ಬಿಷಪ್ ಏನೆಂದು ವಿಚಾರಿಸಿದರು. ಫಾದರ್ ಹೋಗಿ ತಮ್ಮ ಭಾಷೆಯಲ್ಲಿ ಹೇಳಿದರು. ಬಿಷಪ್ ಹೊಟ್ಟೆ ಕುಲುಕುವಂತೆ ನಕ್ಕರು. ಫಾದರ್ ಕಿವಿ ಕೆಂಪಾಗಿತ್ತು. ಸೀದಾ ಹೆಂಗಸರ ಸಾಲಿಗೆ ನಡೆದರು.

"ಅಮ್ಮ, ನೀವು ಎತ್ತಿ."

"ನಡಿ ಅಂದ್ರಿ, ನಡಿತಾ ಇದ್ದೀನಿ."

"ತಪ್ಪಾಯಿತು. ಎತ್ತಿ."

"ಯಾವ್ದು? ನಿಮ್ದಾ, ನಮ್ದಾ?"

ಫಾದರ್ ಅಂಗಡಿ ಬಾಗಿಲುಗಳ ಕಡೆ ನೋಡಿದರು. "ಚರ್ಚಿನೊಳಗೆ ನನ್ನದು. ಬೀದಿಯಲ್ಲಿ ನಿಮ್ಮದು."

ಅತ್ತೆಯ ಕೈ ಕಿವಿಗೆ ಹೋಯಿತು. ಅಯ್ಯೋ, ಆಮೇಲಿನದನ್ನು ಏನು ಹೇಳಲಿ! ಫಾದರ್ ಹೆಸರು ಹಾಡಿದ್ದೇ ತಡ, ಎರಡೂ ಕಡೆಯ ಅಂಗಡಿಗಳು ಒಟ್ಟಿಗೆ ಬಾಯಿ ಬಿಟ್ಟವು. ಸಾಬರು ಎಣ್ಣೆಗೈಯಲ್ಲೇ ತಾಳ ಹಾಕಿದರು. ಎತ್ತಿನ ಗಾಡಿಯವರು ಗಾಡಿ ಬಿಟ್ಟು ಬಂದರು. ನನ್ನ ಡೋಲಿನ ಚರ್ಮ ಹರಿದುಹೋಯಿತು. ಹರಿದ ಡೋಲನ್ನೇ ಬಡಿದೆ.

ಮುಂದಿನ ಮಳೆಗಾಲಕ್ಕೆ ಅತ್ತೆ ಮಲಗಿದರು. ಎದೆಗೆ ಉಸಿರು ಸಾಲುತ್ತಿರಲಿಲ್ಲ. ಒಂದು ಬೆಳಗ್ಗೆ ಫಾದರ್ ಬಂದು ಕೊನೆಗಾಲದ ತೈಲ ಹಚ್ಚಿ, ಪುಸ್ತಕ ಬಿಚ್ಚಿ ಸಂತರ ಹೆಸರು ಶುರು ಮಾಡಿದರು. ಈ ಸಲ ಉತ್ತರದ ಮಾತು ಬೇರೆ: 'ಓರಾ ಪ್ರೋ ಏಯಾ.'

ಅತ್ತೆ ಕಣ್ಣು ಬಿಟ್ಟರು. "ಅದೇನ್ರಿ ಅದು?"

"ಈ ಹೊತ್ತಿನಲ್ಲಿ ಹೀಗೇ ಹೇಳಬೇಕು ಅಮ್ಮ. ಇದು ನಿಮಗೊಬ್ಬರಿಗೇ ಬೇಡುವುದು."

"ಒಬ್ಳಿಗ್ಯಾಕ್ರಿ? ಪೂರಾ ಅನ್ರಿ."

ಫಾದರ್ ಪುಸ್ತಕ ಮುಚ್ಚಿದರು. ಮೊದಲು ಅವರೇ ಅಂದರು, ಅತ್ತೆ ಅನ್ನುತ್ತಿದ್ದ ಹಾಗೇ. ಒಳಗಿದ್ದವರು, ಅಂಗಳದಲ್ಲಿ ನೆನೆಯುತ್ತ ನಿಂತವರು ಎಲ್ಲ ಹಿಡಿದುಕೊಂಡೆವು. ಹಾಡು ಮುಗಿದಾಗ ಅತ್ತೆ ಇರಲಿಲ್ಲ. ಯಾವ ಹೆಸರಿನ ಹೊತ್ತಿಗೆ ಹೋದರೋ ಯಾರೂ ನೋಡಲಿಲ್ಲ. ಎಲ್ಲರೂ ಹಾಡುತ್ತಿದ್ದೆವು.